ಸ್ಕೋರ್ ಪುಸ್ತಕದ ಹಾಗೆ ಲೀಗ್‌ನ ಲೆಕ್ಕವೂ ತಾಳೆಯಾಗಲಿ: ಕೆಎಸ್‌ಸಿಎಗೆ ಒಂದು ಬಹಿರಂಗ ಪತ್ರ

ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ಮಾನ್ಯ ಅಧ್ಯಕ್ಷರಿಗೆ ಮತ್ತು ಆಡಳಿತ ಮಂಡಳಿಯ ಎಲ್ಲ ಸದಸ್ಯರಿಗೆ,

ನಮಸ್ಕಾರ.

ನಾನು ಹುಬ್ಬಳ್ಳಿಯವನು. ವಾರವೆಲ್ಲ ಅಮರಗೋಳದ ಎಪಿಎಂಸಿಯಲ್ಲಿ ವ್ಯಾಪಾರಿಗಳ ಲೆಕ್ಕ ಬರೆಯುತ್ತೇನೆ. ಭಾನುವಾರ ಮೈದಾನದಲ್ಲಿ ಕೂತು ಡಿವಿಷನ್ ಪಂದ್ಯಗಳ ಸ್ಕೋರ್ ಬರೆಯುತ್ತೇನೆ. ಎರಡೂ ಕೆಲಸ ಸುಮಾರು ಮೂವತ್ತು ವರ್ಷದಿಂದ ಜೊತೆಜೊತೆಗೇ ನಡೆದಿವೆ.

ಸ್ಕೋರ್ ಬರೆಯುವವರಿಗೆ ಒಂದು ನಿಯಮ ಇದೆ. ಇನಿಂಗ್ಸ್ ಮುಗಿದ ಮೇಲೆ ಬ್ಯಾಟ್ಸ್‌ಮನ್‌ಗಳ ರನ್ನು ಮತ್ತು ಇತರೆ ರನ್ನು ಕೂಡಿಸಬೇಕು. ಆಮೇಲೆ ಬೌಲರ್‌ಗಳು ಕೊಟ್ಟ ರನ್ನಿಗೆ, ಬ್ಯಾಟಿಗೆ ತಾಗದೆ ಬಂದ ಬೈ, ಲೆಗ್‌ಬೈ ಸೇರಿಸಬೇಕು. ಎರಡೂ ಮೊತ್ತ ಒಂದೇ ಆಗಬೇಕು. ಒಂದೇ ಒಂದು ರನ್ ಆಚೀಚೆ ಆದರೂ ಪುಸ್ತಕ ಮುಚ್ಚುವ ಹಾಗಿಲ್ಲ. ಆಟಗಾರರೆಲ್ಲ ಕಿಟ್ ಹೊತ್ತುಕೊಂಡು ಮನೆಗೆ ಹೋದ ಮೇಲೂ ಪೆವಿಲಿಯನ್ ಬಲ್ಬಿನ ಕೆಳಗೆ ಕೂತು ಆ ಒಂದು ರನ್ ಹುಡುಕಿದ ಸಂಜೆಗಳು ನನಗೆ ಬೇಕಾದಷ್ಟಿವೆ. ಸಿಗುವವರೆಗೂ ಬಿಡುವುದಿಲ್ಲ. ಯಾಕೆಂದರೆ ಆ ಒಂದು ರನ್ ಯಾರೋ ಹುಡುಗ ಓಡಿ ಗಳಿಸಿದ್ದು.

ನಿಮ್ಮ ಸಂಸ್ಥೆ ನಡೆಸುವ ರಾಜ್ಯ ಮಟ್ಟದ ಟಿ20 ಲೀಗ್ ಮಹಾರಾಜ ಟ್ರೋಫಿಯ ಹಣದ ಲೆಕ್ಕವೂ ಹೀಗೇ ತಾಳೆಯಾಗಬೇಕು. ಅದನ್ನು ಕೇಳಲಿಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ಈ ಟೂರ್ನಿ ಅಂದರೆ ನನಗೆ ತುಂಬಾ ಪ್ರೀತಿ. ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ಅವರ ನೆನಪಿನಲ್ಲಿ 2022ರಲ್ಲಿ ಶುರುವಾಗಿ, ಆರು ತಂಡಗಳೊಂದಿಗೆ ನಡೆದುಕೊಂಡು ಬಂದಿದೆ. ಮೊದಲ ವರ್ಷ ಗುಲ್ಬರ್ಗ ಗೆದ್ದಿತು. 2023ರಲ್ಲಿ ನಮ್ಮ ಹುಬ್ಬಳ್ಳಿ, 2024ರಲ್ಲಿ ಮೈಸೂರು, 2025ರಲ್ಲಿ ಮಂಗಳೂರು. ನಾಲ್ಕು ವರ್ಷಕ್ಕೆ ನಾಲ್ಕು ಚಾಂಪಿಯನ್ನರು. ದುಡ್ಡಿರುವ ಒಂದೇ ತಂಡ ಎಲ್ಲವನ್ನೂ ಬಾಚಿಕೊಳ್ಳುತ್ತಿಲ್ಲ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಗುರುತು ಬೇಕಾ? 2024ರ ಆಗಸ್ಟ್ 23ರ ರಾತ್ರಿ ಹುಬ್ಬಳ್ಳಿ ಮತ್ತು ಬೆಂಗಳೂರು ತಂಡಗಳ ಪಂದ್ಯ ಟೈ ಆಯಿತು. ಗೆದ್ದವರು ಯಾರೆಂದು ತೀರ್ಮಾನಿಸಲು ಆಡಿದ ಸೂಪರ್ ಓವರ್ ಕೂಡ ಟೈ. ಎರಡನೆಯದೂ ಟೈ. ಮೂರನೆಯದರಲ್ಲಿ ಹುಬ್ಬಳ್ಳಿ ಗೆದ್ದಿತು. ಆ ಪಂದ್ಯದ ಸ್ಕೋರ್ ಬರೆದವರ ಕೈ ಎಷ್ಟು ನಡುಗಿರಬಹುದು ಅಂತ ನಾನು ಊಹಿಸಬಲ್ಲೆ.

ಕರುಣ್ ನಾಯರ್ ಅವರನ್ನೇ ನೋಡಿ. ಕರ್ನಾಟಕ ತಂಡದಲ್ಲಿ ಜಾಗ ಕಳೆದುಕೊಂಡ ಕಾಲದಲ್ಲಿ ಅವರಿಗೆ ಆಡಲು ಇದ್ದ ವೇದಿಕೆಗಳಲ್ಲಿ ಈ ಟೂರ್ನಿಯೂ ಒಂದು. 2023ರಲ್ಲಿ 532 ರನ್, 2024ರಲ್ಲಿ 560 ರನ್ ಹೊಡೆದರು. ವಿದರ್ಭದ ಪರ ಮಾಡಿದ ರಾಶಿ ರನ್‌ಗಳು ಅದಕ್ಕೆ ಸೇರಿದವು. 2025ರಲ್ಲಿ ಇಂಗ್ಲೆಂಡಿನಲ್ಲಿ ಭಾರತದ ಪರ ಮತ್ತೆ ಟೆಸ್ಟ್ ಆಡಿದರು. ಇಂಥ ಟೂರ್ನಿ ಹತ್ತು ವರ್ಷವಲ್ಲ, ಐವತ್ತು ವರ್ಷ ನಡೆಯಬೇಕು. ಹಾಗಾದರೆ ಅದಕ್ಕೆ ದುಡ್ಡು ಎಲ್ಲಿಂದ ಬರುತ್ತದೆ, ಯಾರಿಗೆ ಹೋಗುತ್ತದೆ, ನಷ್ಟ ಯಾರ ತಲೆಗೆ ಬೀಳುತ್ತದೆ?

ಐಪಿಎಲ್‌ನ ಲೆಕ್ಕ ಒಂದು ನಿಮಿಷ ನೋಡೋಣ. ಎಲ್ಲರೂ ಅದನ್ನೇ ಮಾದರಿ ಅನ್ನುತ್ತಾರೆ, ಆದರೆ ಅದರ ಒಳಗಿನ ಕೀಲು ಎಲ್ಲಿದೆ ಅಂತ ಗಮನಿಸುವವರು ಕಡಿಮೆ. 2023ರಿಂದ 2027ರವರೆಗಿನ ಪ್ರಸಾರ ಹಕ್ಕು 48,390 ಕೋಟಿ ರೂಪಾಯಿಗೆ ಹೋಯಿತು. ವರ್ಷಕ್ಕೆ ಸುಮಾರು 9,678 ಕೋಟಿ. ಇದರಲ್ಲಿ ಹೆಚ್ಚೂಕಡಿಮೆ ಅರ್ಧ ಹತ್ತು ತಂಡಗಳಿಗೆ ಹಂಚಿಕೆ ಆಗುತ್ತದೆ. ಅಂದರೆ ತಂಡವೊಂದಕ್ಕೆ ವರ್ಷಕ್ಕೆ 400 ಕೋಟಿಗೂ ಜಾಸ್ತಿ. 2025ರ ಹರಾಜಿನಲ್ಲಿ ಆಟಗಾರರಿಗೆ ಖರ್ಚು ಮಾಡಲು ತಂಡಕ್ಕಿದ್ದ ಮಿತಿ 120 ಕೋಟಿ. ಮೊದಲ ಬಾಲ್ ಬೀಳುವ ಮೊದಲೇ, ಒಂದು ಟಿಕೆಟ್ ಮಾರುವ ಮೊದಲೇ, ಆಟಗಾರರ ಸಂಬಳ ಬಂದಾಗಿರುತ್ತದೆ. ಸೋತು ಕೊನೆಯ ಜಾಗದಲ್ಲಿ ನಿಂತ ತಂಡದ ಮಾಲೀಕನೂ ರಾತ್ರಿ ನೆಮ್ಮದಿಯಾಗಿ ಮಲಗಬಹುದು.

ಶುರುವಿನಲ್ಲಿ ಹೀಗಿರಲಿಲ್ಲ. 2008ರಲ್ಲಿ ಬೆಂಗಳೂರು ತಂಡ 11.16 ಕೋಟಿ ಡಾಲರಿಗೆ ಮಾರಾಟವಾಯಿತು. ಅದನ್ನು ಹತ್ತು ವರ್ಷದ ಕಂತಿನಲ್ಲಿ ಕಟ್ಟಬೇಕಿತ್ತು. ಕಂತು ಕಟ್ಟುವ ಆ ವರ್ಷಗಳಲ್ಲೇ ಮೂರು ತಂಡಗಳು ಮುಳುಗಿದವು. ಕೊಚ್ಚಿ ತಂಡ ಒಂದೇ ಸೀಸನ್ ಆಡಿ 2011ರಲ್ಲಿ ಹೋಯಿತು. ಕಪ್ ಗೆದ್ದಿದ್ದ ಡೆಕ್ಕನ್ ಚಾರ್ಜರ್ಸ್ 2012ರಲ್ಲಿ ಹೋಯಿತು. ಪುಣೆ ವಾರಿಯರ್ಸ್ 2013ರಲ್ಲಿ. ಆಟ ಬರಲಿಲ್ಲ ಅಂತ ಯಾವುದೂ ಮುಚ್ಚಲಿಲ್ಲ. ಬ್ಯಾಂಕ್ ಗ್ಯಾರಂಟಿ ಕೊಡಲಾಗದೆ, ಸಾಲ ತೀರಿಸಲಾಗದೆ ಮುಚ್ಚಿದವು. 2018ರಿಂದ ಹಳೆಯ ತಂಡಗಳಿಗೆ ಆ ಕಂತು ಇಲ್ಲ, ತಮ್ಮ ಆದಾಯದ ಶೇ 20ರಷ್ಟನ್ನು ಬಿಸಿಸಿಐಗೆ ಕೊಡುತ್ತವೆ. ಆದಾಯ ಕಡಿಮೆಯಾದರೆ ಕೊಡುವುದೂ ಕಡಿಮೆ. ಎಂಥ ವ್ಯಾಪಾರಿಗೂ ಇದು ಹಗುರ.

ಈಗ ನಮ್ಮ ಟೂರ್ನಿಗೆ ಬರೋಣ. 2023ರ ಮಹಾರಾಜ ಟ್ರೋಫಿ ಹರಾಜಿನಲ್ಲಿ ಒಂದು ತಂಡಕ್ಕಿದ್ದ ಮಿತಿ 50 ಲಕ್ಷ. ಐಪಿಎಲ್ ಹರಾಜಿನಲ್ಲಿ ಈಗ ಒಬ್ಬ ಹೊಸ ಹುಡುಗನ ಕನಿಷ್ಠ ಮೂಲ ಬೆಲೆಯೇ 30 ಲಕ್ಷ. 2025ರಲ್ಲಿ ದೇವದತ್ತ ಪಡಿಕ್ಕಲ್ 13.20 ಲಕ್ಷಕ್ಕೆ ಹೋದರು, ಅದೇ ಆ ಹರಾಜಿನ ದೊಡ್ಡ ಬೆಲೆ. ಇಲ್ಲಿ ಖರ್ಚು ಚಿಕ್ಕದು, ನಿಜ. ಆದರೆ ವರಮಾನ ಅದಕ್ಕಿಂತ ಚಿಕ್ಕದಾದರೆ? ರಾಜ್ಯ ಮಟ್ಟದ ಲೀಗಿಗೆ ಟಿವಿಯವರು ಕೋಟಿ ಕೋಟಿ ಸುರಿಯುವುದಿಲ್ಲ. ಟಿಕೆಟ್ ಹಣ ಅಷ್ಟಕ್ಕಷ್ಟೇ. ಉಳಿಯುವುದು ಜೆರ್ಸಿ ಮೇಲಿನ ಹೆಸರು ಮತ್ತು ಮಾಲೀಕನ ಜೇಬು.

ಮಾಲೀಕನ ಜೇಬನ್ನೇ ನಂಬಿದ ಲೀಗ್ ಏನಾಗುತ್ತದೆ ಅನ್ನುವುದನ್ನು ನಾವು ಒಮ್ಮೆ ನೋಡಿದ್ದೇವೆ. ಕರ್ನಾಟಕ ಪ್ರೀಮಿಯರ್ ಲೀಗ್ 2009ರಲ್ಲಿ ಶುರುವಾಯಿತು. ಮೂರು ಸಲ ನಡೆದು ನಿಂತಿತು. 2014ರಲ್ಲಿ ಮತ್ತೆ ಎದ್ದಿತು. 2019ರ ಆಗಸ್ಟ್ 23ರಂದು ಬಳ್ಳಾರಿ ತಂಡದ ಕೃಷ್ಣಪ್ಪ ಗೌತಮ್ 56 ಬಾಲಿನಲ್ಲಿ ಔಟಾಗದೆ 134 ರನ್ ಹೊಡೆದರು. 13 ಸಿಕ್ಸರ್. ಅದೇ ಪಂದ್ಯದಲ್ಲಿ ನಾಲ್ಕು ಓವರಿನಲ್ಲಿ 15 ರನ್ ಕೊಟ್ಟು 8 ವಿಕೆಟ್ ತೆಗೆದರು. ಆ ದಿನದ ಸ್ಕೋರ್ ಕಾರ್ಡ್ ಅನ್ನು ಕತ್ತರಿಸಿ ನನ್ನ ಪುಸ್ತಕದಲ್ಲಿ ಇಟ್ಟುಕೊಂಡಿದ್ದೇನೆ. ಜಗತ್ತಿನ ಯಾವ ಟಿ20 ಲೀಗಿನಲ್ಲಾದರೂ ಹೇಳಿಕೊಳ್ಳುವಂಥ ದಿನ ಅದು.

ಕೆಲವೇ ವಾರಗಳಲ್ಲಿ ಆ ಲೀಗಿನ ಹೆಸರು ಪತ್ರಿಕೆಗಳ ಕ್ರೀಡಾ ಪುಟ ಬಿಟ್ಟು ಅಪರಾಧ ಪುಟಕ್ಕೆ ಬಂತು. ಬೆಂಗಳೂರಿನ ಸಿಸಿಬಿ ಪೊಲೀಸರು ಬೆಟ್ಟಿಂಗ್, ಫಿಕ್ಸಿಂಗ್ ಆರೋಪದ ಮೇಲೆ ಒಂದು ತಂಡದ ಮಾಲೀಕರನ್ನೂ ಕೆಲವು ಆಟಗಾರರನ್ನೂ ಬಂಧಿಸಿದರು. ಮುಂದೆ 2022ರ ಜನವರಿಯಲ್ಲಿ ಹೈಕೋರ್ಟ್, ಮ್ಯಾಚ್ ಫಿಕ್ಸಿಂಗ್ ಎನ್ನುವುದು ವಂಚನೆಯ ಕಲಂ 420ರ ಅಡಿ ಬರುವುದಿಲ್ಲ ಎಂದು ಹೇಳಿ ತನ್ನ ಮುಂದಿದ್ದ ಆಟಗಾರರ ಮೇಲಿನ ಪ್ರಕರಣ ರದ್ದು ಮಾಡಿತು. ಹಾಗಾಗಿ ನಾನು ಇಲ್ಲಿ ಯಾರನ್ನೂ ತಪ್ಪಿತಸ್ಥ ಎನ್ನುತ್ತಿಲ್ಲ, ಅದು ನನ್ನ ಕೆಲಸವೂ ಅಲ್ಲ. ಆದರೆ ಕೆಪಿಎಲ್ ಮಾತ್ರ ಮತ್ತೆ ನಡೆಯಲಿಲ್ಲ. ಹತ್ತು ವರ್ಷ ಕಟ್ಟಿದ್ದು ಹೋಯಿತು.

ಆಗ ಎಲ್ಲರೂ ಹುಡುಗರ ಆಸೆಬುರುಕತನದ ಬಗ್ಗೆ ಮಾತಾಡಿದರು. ನಾನು ಲೆಕ್ಕ ಬರೆಯುವವನು, ನನಗೆ ಇನ್ನೊಂದು ಪ್ರಶ್ನೆ ಕಾಡಿತು. ಇಂಥ ತಂಡ ಇಟ್ಟುಕೊಂಡವನಿಗೆ ನ್ಯಾಯವಾಗಿ ಹಾಕಿದ ದುಡ್ಡು ವಾಪಸ್ ಪಡೆಯುವ ದಾರಿ ಇತ್ತೇ?

ಈ ಪ್ರಶ್ನೆ ನನಗೆ ಸುಮ್ನೆ ಹುಟ್ಟಿದ್ದಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಕಡೆ ನಡೆದ ಒಂದು ಖಾಸಗಿ ಟಿ20 ಟೂರ್ನಿಯಲ್ಲಿ ನನ್ನ ಪರಿಚಯದ ವ್ಯಾಪಾರಿಯೊಬ್ಬರು ತಂಡ ತೆಗೆದುಕೊಂಡಿದ್ದರು. ಟೂರ್ನಿ, ತಂಡ ಯಾವುದರ ಹೆಸರೂ ಬೇಡ. ಅದರ ಲೆಕ್ಕ ನಾನೇ ಬರೆದೆ. ಖರ್ಚಿನ ಕಡೆ ಎರಡು ಪುಟ ತುಂಬಿತು: ಪ್ರವೇಶ ಶುಲ್ಕ, ಹೋಟೆಲ್ ರೂಮು, ಬಸ್ಸು, ಊಟ, ಜೆರ್ಸಿ, ಬಟ್ಟೆ ಒಗೆದವರ ಬಿಲ್, ಕೋಚ್, ಫಿಸಿಯೋ, ಬಾಲುಗಳು. ಜಮಾ ಕಡೆ ಮೂರು ಸಾಲು. ಅದರಲ್ಲಿ ಎರಡು ಅವರ ಸಂಬಂಧಿಕರ ಅಂಗಡಿಗಳ ಜಾಹೀರಾತು. ಆಯೋಜಕರಿಂದ ಬರುತ್ತದೆ ಎಂದಿದ್ದ ಪಾಲು ಬರಲೇ ಇಲ್ಲ.

ಟೂರ್ನಿಯ ಕೊನೆಯ ವಾರ ಅವರು ಒಂದು ಸಂಜೆ ನನ್ನ ಟೇಬಲ್ ಮುಂದೆ ಬಂದು ಕೂತರು. ಯಾರೋ ಒಬ್ಬ ಹೋಟೆಲಿಗೆ ಬಂದು ಭೇಟಿಯಾಗಿದ್ದನಂತೆ. ‘ನಿಮ್ಮ ನಷ್ಟ ನಾನು ತುಂಬಿಕೊಡುತ್ತೇನೆ, ಜೆರ್ಸಿ ಮೇಲೆ ಹೆಸರೂ ಬೇಡ’ ಅಂದನಂತೆ. ಅವರು ನನ್ನನ್ನು ಕೇಳಿದ್ದು ಇಷ್ಟೇ: ‘ಇದನ್ನ ಯಾವ ಖಾತೆಗೆ ಬರೀತೀರಿ?’ ಬರೆಯಲು ಬರುವುದಿಲ್ಲ ಎಂದೆ. ತುಂಬಾ ಹೊತ್ತು ಸುಮ್ಮನೆ ಕೂತಿದ್ದು, ಆಮೇಲೆ ಫೋನ್ ಮಾಡಿ ಅವನಿಗೆ ಬೇಡ ಎಂದರು. ಅವರು ಒಳ್ಳೆಯವರು. ಬಟ್ಟೆ ಅಂಗಡಿ ಚೆನ್ನಾಗಿ ನಡೆಯುತ್ತಿತ್ತು, ಆ ನಷ್ಟ ತಡೆದುಕೊಂಡರು. ಮುಂದಿನ ವರ್ಷ ತಂಡ ಬಿಟ್ಟರು. ತಡೆದುಕೊಳ್ಳಲಾಗದವರು ಆ ಕುರ್ಚಿಯಲ್ಲಿ ಕೂತಿದ್ದರೆ?

ಅದೇ ತಂಡದಲ್ಲಿ ಗದಗ ಕಡೆಯ ಒಬ್ಬ ವೇಗದ ಬೌಲರ್ ಇದ್ದ. ಅವನಿಗೆ ಕೊಡಬೇಕಾದ ಹಣಕ್ಕೆ ಕಾಗದಪತ್ರ ಇರಲಿಲ್ಲ, ವಾಟ್ಸಾಪಿನಲ್ಲಿ ಒಂದು ಮೆಸೇಜ್ ಇತ್ತು, ಅಷ್ಟೇ. ಅದನ್ನು ತೋರಿಸಿಕೊಂಡು ತಿಂಗಳಿಗೊಮ್ಮೆ ಬಂದು ಆಫೀಸಿನ ಮೆಟ್ಟಿಲ ಮೇಲೆ ಕೂರುತ್ತಿದ್ದ. ಒಳಗೆ ಬಾ ಎಂದರೂ ಬರುತ್ತಿರಲಿಲ್ಲ. ಅವನ ತಾಯಿ ಭಿಶಿ (ಚೀಟಿ) ಎತ್ತಿದ ದುಡ್ಡಿನಲ್ಲಿ ಅವನಿಗೆ ಸ್ಪೈಕ್ಸ್ ಕೊಡಿಸಿದ್ದರು. ಎಂಟು ತಿಂಗಳ ಮೇಲೆ ಅರ್ಧ ಹಣ ಸಿಕ್ಕಿತು. ಉಳಿದದ್ದನ್ನು ಅವನೂ ಕೇಳಲಿಲ್ಲ, ನಾವೂ ಕೊಡಿಸಲಿಲ್ಲ. ಆ ಬಾಕಿ ಇವತ್ತಿಗೂ ನನ್ನ ಮನಸ್ಸಿನಲ್ಲಿದೆ. ಈಗ ಅವನು ಕ್ರಿಕೆಟ್ ಆಡುವುದಿಲ್ಲ.

ಇದು ನಮ್ಮೊಬ್ಬರ ಕಥೆಯಲ್ಲ. 2019ರಲ್ಲಿ ಕೆನಡಾದ ಗ್ಲೋಬಲ್ ಟಿ20ಯಲ್ಲಿ ಸಂಬಳ ಬಾಕಿ ಎಂದು ಆಟಗಾರರು ಮೈದಾನಕ್ಕೆ ಹೋಗುವ ಬಸ್ ಹತ್ತಲಿಲ್ಲ, ಪಂದ್ಯ ತಡವಾಯಿತು. 2025ರ ಶುರುವಿನಲ್ಲಿ ಬಾಂಗ್ಲಾದೇಶದ ಲೀಗಿನಲ್ಲಿ ರಾಜಶಾಹಿ ತಂಡದವರು ದುಡ್ಡಿಗಾಗಿ ಅಭ್ಯಾಸ ಬಿಟ್ಟು ಕೂತರು. ಅದೇ ವರ್ಷ ನವೆಂಬರಿನಲ್ಲಿ ಶ್ರೀನಗರದ ಒಂದು ಖಾಸಗಿ ಲೀಗಿನ ಆಯೋಜಕರು ಟೂರ್ನಿಯ ನಡುವೆಯೇ ಊರು ಬಿಟ್ಟು ಹೋದರು, ಆಟಗಾರರು ಹೋಟೆಲಿನಲ್ಲಿ ಸಿಕ್ಕಿಬಿದ್ದರು. ಮಹಾರಾಜ ಟ್ರೋಫಿ ಇವಕ್ಕೆಲ್ಲ ಹೋಲಿಸುವಂಥದ್ದಲ್ಲ. ಅದರ ಹಿಂದೆ 1933ರಲ್ಲಿ ಹುಟ್ಟಿದ ಸಂಸ್ಥೆ ನಿಂತಿದೆ. ಅದಕ್ಕೇ ನಿಮ್ಮನ್ನು ಕೇಳುವ ಧೈರ್ಯ ಬಂದಿದೆ.

ನನ್ನ ಮೊದಲ ಕೋರಿಕೆ ಆ ಬೌಲರ್‌ನಂಥ ಹುಡುಗರದ್ದು. ಹರಾಜು ನಡೆಯುವ ದಿನವೇ ಪ್ರತಿ ತಂಡದ ಆಟಗಾರರ ಪೂರ್ತಿ ಹಣ ಸಂಸ್ಥೆಯ ಕೈಯಲ್ಲಿ ಠೇವಣಿಯಾಗಿ ಇರಬೇಕು. ಆಟಗಾರನಿಗೆ ಹಣ ಕೊಡುವುದು ಮಾಲೀಕ ಅಲ್ಲ, ಸಂಸ್ಥೆ. ಕ್ಯಾಂಪಿಗೆ ಬಂದ ದಿನ ಒಂದು ಕಂತು, ಲೀಗ್ ಹಂತ ಮುಗಿದಾಗ ಒಂದು, ಫೈನಲ್ ಆದ ಹದಿನೈದು ದಿನದಲ್ಲಿ ಉಳಿದದ್ದು. ಒಪ್ಪಂದದ ಪ್ರತಿ ಕನ್ನಡದಲ್ಲಿ ಅವನ ಕೈಯಲ್ಲಿ ಇರಲಿ. ನಿಮ್ಮ ನಿಯಮದಲ್ಲಿ ಇದರಲ್ಲಿ ಏನಾದರೂ ಈಗಾಗಲೇ ಇದ್ದರೆ, ಅದನ್ನು ದೊಡ್ಡದಾಗಿ ಹೇಳಿ. ಹಳ್ಳಿಯಲ್ಲಿರುವ ಅಪ್ಪ ಅಮ್ಮನಿಗೆ ಗೊತ್ತಾಗಬೇಕು.

ಎರಡನೆಯದು ಮಾಲೀಕರದ್ದು. ಟೂರ್ನಿಯ ಪ್ರಾಯೋಜಕರು, ಪ್ರಸಾರ, ಮೈದಾನದ ಜಾಹೀರಾತು, ಇವೆಲ್ಲದರಿಂದ ಬರುವ ಹಣದಲ್ಲಿ ತಂಡಗಳ ಪಾಲು ಇಷ್ಟು ಅಂತ ಸೀಸನ್ನಿಗೆ ಮೊದಲೇ ನಿಗದಿಯಾಗಲಿ. ಆ ಪಾಲು ಕನಿಷ್ಠ ಆಟಗಾರರ ಸಂಬಳದಷ್ಟಾದರೂ ಇರಲಿ. ಕಡಿಮೆ ಬಿದ್ದರೆ ಸಂಸ್ಥೆ ತುಂಬಿಕೊಡಲಿ. ದುಡ್ಡು ಎಲ್ಲಿಂದ ತರೋಣ ಅಂತ ನೀವು ಕೇಳಬಹುದು. ಆರು ತಂಡಕ್ಕೆ 50 ಲಕ್ಷದಂತೆ ಲೆಕ್ಕ ಹಾಕಿದರೂ 3 ಕೋಟಿ. ಬಿಸಿಸಿಐನಿಂದ ಅನುದಾನ ಬರುವ, ಐಪಿಎಲ್ ಪಂದ್ಯ ನಡೆಸುವ ಸಂಸ್ಥೆಗೆ ಇದು ಹೊರಲಾರದ ಭಾರವಲ್ಲ. ಇದನ್ನು ನಷ್ಟ ಅನ್ನುವ ಬದಲು ಆಟಗಾರರನ್ನು ಬೆಳೆಸುವ ಖರ್ಚು ಅಂತಲೇ ಬರೆದುಕೊಳ್ಳಬಹುದು. ಹದಿನಾರು, ಹತ್ತೊಂಬತ್ತು ವರ್ಷದೊಳಗಿನ ಹುಡುಗರ ತಂಡಗಳಿಗೆ ಮಾಡುವ ಖರ್ಚನ್ನು ಯಾರೂ ನಷ್ಟ ಅನ್ನುವುದಿಲ್ಲ ಅಲ್ವಾ?

ಮಾಲೀಕರಿಗೆ ಕಾಲವೂ ಬೇಕು. ಈ ವರ್ಷ ಇದ್ದು ಮುಂದಿನ ವರ್ಷ ಇರುತ್ತೇನೋ ಇಲ್ಲವೋ ಎನ್ನುವವನು ಊರಿನಲ್ಲಿ ನೆಟ್ಸ್ ಹಾಕಿಸುವುದಿಲ್ಲ, ಶಾಲೆ ಮಕ್ಕಳಿಗೆ ಕೋಚ್ ಇಡುವುದಿಲ್ಲ. ಹತ್ತು ವರ್ಷದ ಒಪ್ಪಂದ ಕೊಡಿ. ಬದಲಿಗೆ ಅವರ ಹಣದ ಮೂಲ ಪ್ರತಿ ವರ್ಷ ತಪಾಸಣೆ ಆಗಲಿ.

ಪ್ರಾಯೋಜಕರ ವಿಷಯ ಒಂದು ಮಾತು. 2025ರ ಆಗಸ್ಟಿನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಬಂತು. ಭಾರತ ತಂಡದ ಜೆರ್ಸಿ ಮೇಲಿದ್ದ ಡ್ರೀಮ್11 ಹೆಸರೇ ಹೋಯಿತು. ಅಷ್ಟು ದೊಡ್ಡ ಹಣ ಒಂದೇ ವಾರದಲ್ಲಿ ಇಲ್ಲವಾಯಿತು. ಇನ್ನೊಂದು ಕಡೆ, 2022ರಲ್ಲಿ ಐಪಿಎಲ್ ಹಕ್ಕಿಗೆ ಪೈಪೋಟಿ ಮಾಡಿ ಬೆಲೆ ಏರಿಸಿದ ಡಿಸ್ನಿ ಸ್ಟಾರ್ ಮತ್ತು ವಯಾಕಾಮ್18 ಈಗ ಒಂದೇ ಕಂಪನಿ. 2024ರ ನವೆಂಬರಿನಲ್ಲಿ ವಿಲೀನವಾಗಿ ಜಿಯೋಸ್ಟಾರ್ ಆದವು. ಕೊಳ್ಳುವವರು ಕಡಿಮೆಯಾದರೆ ಬೆಲೆ ಇಳಿಯುತ್ತದೆ, ಎಪಿಎಂಸಿಯಲ್ಲಿ ಮೆಣಸಿನಕಾಯಿ ಮಾರಿದ ಯಾವ ರೈತನನ್ನಾದರೂ ಕೇಳಿ. ದೊಡ್ಡ ಲೀಗಿಗೇ ಈ ಆತಂಕ ಇರುವಾಗ ನಮ್ಮದು ಟಿವಿಯನ್ನೊಂದೇ ನೆಚ್ಚಿಕೊಂಡು ಕೂರಬಾರದು.

ಹಾಗಾದರೆ ಯಾರನ್ನು ನೆಚ್ಚಿಕೊಳ್ಳಬೇಕು? ಊರನ್ನು. ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದೇ.

ಹುಬ್ಬಳ್ಳಿ ಟೈಗರ್ಸ್ 2023ರಲ್ಲಿ ಕಪ್ ಗೆದ್ದಾಗ ಆ ಸೀಸನ್ನಿನ ಒಂದು ಪಂದ್ಯವೂ ಹುಬ್ಬಳ್ಳಿಯಲ್ಲಿ ನಡೆದಿರಲಿಲ್ಲ. ಎಲ್ಲ ಬೆಂಗಳೂರಿನ ಚಿನ್ನಸ್ವಾಮಿ ಮೈದಾನದಲ್ಲೇ. 2024ರಲ್ಲೂ ಹಾಗೇ. 2025ರ ಜೂನ್ 4ರಂದು ಚಿನ್ನಸ್ವಾಮಿ ಹೊರಗೆ ಕಾಲ್ತುಳಿತದಲ್ಲಿ 11 ಜೀವ ಹೋದವು. ಆ ಮನೆಗಳ ದುಃಖಕ್ಕೆ ಯಾವ ಲೆಕ್ಕವೂ ಇಲ್ಲ. ಆಮೇಲೆ ಟೂರ್ನಿ ಮೈಸೂರಿನ ಒಡೆಯರ್ ಮೈದಾನಕ್ಕೆ ಹೋಯಿತು. ಒಂದೇ ನಗರದ ಒಂದೇ ಮೈದಾನವನ್ನು ನಂಬಿಕೊಂಡರೆ ಏನಾಗುತ್ತದೆ ಅಂತ ಆ ವರ್ಷ ಎಲ್ಲರಿಗೂ ಗೊತ್ತಾಯಿತು.

ಹುಬ್ಬಳ್ಳಿ ರಾಜನಗರದಲ್ಲಿ ನಿಮ್ಮದೇ ಮೈದಾನ ಇದೆ. ಶಿವಮೊಗ್ಗದ ನವುಲೆಯಲ್ಲಿ ಇದೆ. ಬೆಳಗಾವಿಯ ಆಟೋ ನಗರದಲ್ಲಿ ಇದೆ. ಕೆಪಿಎಲ್ ಕಾಲದಲ್ಲಿ ರಾಜನಗರದಲ್ಲಿ ಪಂದ್ಯ ನಡೆದಾಗ ನಾನು ಅಲ್ಲಿದ್ದೆ. ಧಾರವಾಡ, ನವಲಗುಂದ, ಕುಂದಗೋಳದಿಂದ ಜನ ಬಂದಿದ್ದರು. ಗೇಟಿನ ಹೊರಗೆ ಗಿರಮಿಟ್ಟು, ಮಿರ್ಚಿ ಮಾರುವವರ ಸಾಲು. ಅಪ್ಪನ ಹೆಗಲ ಮೇಲೆ ಕೂತ ಒಬ್ಬ ಹುಡುಗ ಪ್ರತಿ ಓವರ್ ಮುಗಿದಾಗ ಸ್ಕೋರ್ ಬೋರ್ಡ್ ನೋಡಿ ಜೋರಾಗಿ ಓದುತ್ತಿದ್ದ. ಆ ಜನ 50, 100 ರೂಪಾಯಿ ಟಿಕೆಟ್ ಕೊಳ್ಳುತ್ತಾರೆ. ಕೊಳ್ಳುವುದಿಲ್ಲ ಅಂತ ಪರೀಕ್ಷೆ ಮಾಡದೆ ಹೇಳಬೇಡಿ. ಮತ್ತೆ, ಊರಿನ ಬಟ್ಟೆ ಅಂಗಡಿ, ಟ್ರ್ಯಾಕ್ಟರ್ ಡೀಲರ್, ಸಹಕಾರಿ ಬ್ಯಾಂಕ್ ತಮ್ಮ ಹೆಸರು ಬರೆಸುವುದು ತಮ್ಮ ಊರಿನ ಮೈದಾನದಲ್ಲಿ, ಬೆಂಗಳೂರಿನಲ್ಲಿ ಅಲ್ಲ. ಈ ಹಣ ಸಣ್ಣದು, ಆದರೆ ದೆಹಲಿಯಲ್ಲಿ ಕಾನೂನು ಬದಲಾದರೂ ನಿಲ್ಲುವುದಿಲ್ಲ.

ತಮಿಳುನಾಡಿನವರು ಇದನ್ನು 2016ರಲ್ಲೇ ಮಾಡಿದರು. ಅವರ ಲೀಗ್ ಚೆನ್ನೈ ಜೊತೆಗೆ ದಿಂಡಿಗಲ್ ಹತ್ತಿರದ ನತ್ತಂ, ತಿರುನೆಲ್ವೇಲಿಗೂ ಹೋಯಿತು. ಸೇಲಂ ಬಳಿಯ ಚಿನ್ನಪ್ಪಂಪಟ್ಟಿಯ ನಟರಾಜನ್ ಅಲ್ಲಿ ಯಾರ್ಕರ್ ಹಾಕಿದ್ದನ್ನು ನೋಡಿದ ಮೇಲೆಯೇ 2017ರಲ್ಲಿ ಐಪಿಎಲ್‌ನಲ್ಲಿ 3 ಕೋಟಿಗೆ ಹೋದರು. ನಮ್ಮ ಬೀದರ್, ರಾಯಚೂರು, ಕೊಪ್ಪಳದಲ್ಲಿ ಅಂಥ ಹುಡುಗ ಇಲ್ಲ ಅಂತ ಹೇಗೆ ಹೇಳುವುದು? ಪ್ರತಿ ತಂಡಕ್ಕೆ ತನ್ನ ಊರಿನಲ್ಲಿ ಎರಡು ಪಂದ್ಯ ಕೊಡಿ, ಶುರುವಿಗೆ ಅಷ್ಟು ಸಾಕು. ಆರು ಊರಿಗೆ ಹೋಗುವ ಸಾಗಣೆ ಖರ್ಚು ಜಾಸ್ತಿ ಆಗುತ್ತದೆ, ಗೊತ್ತು. ಮೊದಲ ವರ್ಷ ಮೂರು ಊರು ಮಾಡಿ.

ಕೊನೆಯ ಕೋರಿಕೆ ನನ್ನ ಕಸುಬಿನದ್ದು. ಸಂಸ್ಥೆಯ ವಾರ್ಷಿಕ ಲೆಕ್ಕಪತ್ರ ಸದಸ್ಯರ ಮುಂದೆ ಬರುತ್ತದೆ. ಅದರ ಜೊತೆಗೆ ಮಹಾರಾಜ ಟ್ರೋಫಿಯದ್ದೇ ಬೇರೆ ಒಂದು ಪುಟ ಎಲ್ಲರಿಗೂ ಕಾಣುವ ಹಾಗೆ ಹಾಕಿ. ಪ್ರಾಯೋಜಕರಿಂದ ಇಷ್ಟು, ಪ್ರಸಾರದಿಂದ ಇಷ್ಟು, ಟಿಕೆಟಿನಿಂದ ಇಷ್ಟು. ಆಟಗಾರರಿಗೆ ಇಷ್ಟು, ತಂಡಗಳಿಗೆ ಇಷ್ಟು, ಅಂಪೈರ್, ಸ್ಕೋರರ್, ಪಿಚ್ ಮಾಡುವವರಿಗೆ ಇಷ್ಟು, ವಲಯಗಳ ಮೈದಾನಕ್ಕೆ ಇಷ್ಟು. ಒಂದೇ ಪುಟ ಸಾಕು. ನಷ್ಟ ಆಗಿದ್ದರೆ ನಷ್ಟ ಅಂತಲೇ ಬರೆಯಿರಿ, ಯಾರೂ ತಪ್ಪು ತಿಳಿಯುವುದಿಲ್ಲ. ಎಷ್ಟು ಬರುತ್ತದೆ ಅಂತ ಕಂಡರೆ ಒಳ್ಳೆಯ ವ್ಯಾಪಾರಸ್ಥರು ತಂಡ ಕೊಳ್ಳಲು ಮುಂದೆ ಬರುತ್ತಾರೆ. ಕಾಣದಿದ್ದರೆ, ಕಾಣದ ಹಣ ಇರುವವರೇ ಬರುತ್ತಾರೆ.

ಆ ಪುಟವನ್ನು ಮುಂದಿನ ಹರಾಜಿಗೆ ಮೊದಲು ಹಾಕಿ ಎಂದು ಕೇಳಿಕೊಳ್ಳುತ್ತೇನೆ. ಕೂಡಿಸುವುದಕ್ಕೆ ಜನ ಬೇಕಿದ್ದರೆ ನಾನು ಸಂಬಳವಿಲ್ಲದೆ ಬಂದು ಮಾಡಿಕೊಡುತ್ತೇನೆ. ಭಾನುವಾರ ಮಾತ್ರ ಬಿಟ್ಟು, ಆ ದಿನ ಮೈದಾನದಲ್ಲಿ ಪಂದ್ಯ ಇರುತ್ತದೆ.

ಇಂತಿ ನಿಮ್ಮ ವಿಶ್ವಾಸಿ,
ಹುಬ್ಬಳ್ಳಿಯ ಒಬ್ಬ ಸ್ಕೋರರ್